ಎರಡು ಆಫರ್ ಕೈಯಲ್ಲಿವೆ, ಯಾವುದು ಹಿಡಿಯಲಿ? ಪುಣೆ-ಮುಂಬೈಯಲ್ಲಿ ಮೊದಲ ಕೆಲಸ ಹುಡುಕುವವರಿಗೆ

ಜೂನ್ ತಿಂಗಳು ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಧಾರವಾಡ, ಗೋಕಾಕ, ವಿಜಯಪುರ, ಕಲಬುರಗಿ ಕಡೆಯ ಹುಡುಗ ಹುಡುಗಿಯರು. ಯಾರದೋ ತಂಗಿ, ಯಾರದೋ ಸೋದರಳಿಯ. ಪ್ರಶ್ನೆ ಮಾತ್ರ ಒಂದೇ: "ಅಕ್ಕಾ, ಎರಡು ಆಫರ್ ಬಂದಾವ, ಯಾವುದು ಹಿಡೀಲಿ?"

ನಾನು ಧಾರವಾಡದಿಂದ ಪುಣೆಗೆ ಬಂದು 14 ವರ್ಷವಾಯಿತು. ಈ ಪ್ರಶ್ನೆಗೆ ನಾನೇ ಒಮ್ಮೆ ತಪ್ಪು ಉತ್ತರ ಕೊಟ್ಟುಕೊಂಡಿದ್ದೇನೆ. ಹಾಗಾಗಿ ಯಾರು ಕೇಳಿದರೂ ಕೂತು ಮಾತಾಡುತ್ತೇನೆ.

ಈ ಸಲ ಕೇಳಿದವನು ನನ್ನ ಚಿಕ್ಕಪ್ಪನ ಮಗ. ಒಂದು ಆಫರ್ ಹಿಂಜವಡಿ ಫೇಸ್ ತ್ರೀಯ ದೊಡ್ಡ ಕಂಪನಿಯದು, ವರ್ಷಕ್ಕೆ 4,20,000. ಇನ್ನೊಂದು ಬಾಣೇರ್‌ನಲ್ಲಿರುವ 25 ಜನರ ಚಿಕ್ಕ ಕಂಪನಿಯದು, ವರ್ಷಕ್ಕೆ 3,60,000. ಮನೆಯವರೆಲ್ಲರ ಮತ ಮೊದಲನೆಯದಕ್ಕೆ. 60,000 ಜಾಸ್ತಿ, ಹೆಸರೂ ದೊಡ್ಡದು, ನೆಂಟರ ಮುಂದೆ ಹೇಳಿಕೊಳ್ಳಲೂ ಚೆಂದ.

ನಾನು ಅವನಿಗೆ ಕೇಳಿದ್ದು ಎರಡೇ ಪ್ರಶ್ನೆ. ಸೇರಿದ ಮೇಲೆ ನಿನ್ನ ಕೈಗೆ ಯಾವ ಕೆಲಸ ಬರುತ್ತದೆ? ನೀನು ಮಾಡಿದ್ದನ್ನು ಪಕ್ಕದಲ್ಲಿ ಕೂತು ತಿದ್ದುವವರು ಯಾರು? ಮೊದಲ ಮೂರು-ನಾಲ್ಕು ವರ್ಷ ಕೆಲಸ ಆರಿಸುವಾಗ ಇವೆರಡೂ ಸಂಬಳಕ್ಕಿಂತ ಮುಂದೆ ಬರಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಅವನಿಗೆ ಎರಡಕ್ಕೂ ಉತ್ತರ ಗೊತ್ತಿರಲಿಲ್ಲ. ಸಂಬಳದ ಅಂಕಿ ಮಾತ್ರ ಗೊತ್ತಿತ್ತು. ಅದೂ ಪೂರ್ತಿ ಗೊತ್ತಿರಲಿಲ್ಲ.

ಮೊದಲು ಆ 60,000 ಬಿಡಿಸಿ ನೋಡೋಣ

ಆಫರ್ ಲೆಟರಿನ ಕೊನೆಯ ಪುಟದಲ್ಲಿ ಒಂದು ಕೋಷ್ಟಕ ಇರುತ್ತದೆ. ಸಿಟಿಸಿ, ಅಂದರೆ ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಹೇಗೆ ಒಡೆಯುತ್ತದೆ ಅನ್ನುವುದು ಅಲ್ಲಿರುತ್ತದೆ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ.

ದೊಡ್ಡ ಕಂಪನಿಯ 4,20,000ದಲ್ಲಿ 30,000 ವೇರಿಯಬಲ್. ಅಂದರೆ ಕಂಪನಿ ಚೆನ್ನಾಗಿ ನಡೆದು, ನಿಮಗೆ ಒಳ್ಳೆಯ ರೇಟಿಂಗ್ ಸಿಕ್ಕರೆ ಬರುವ ದುಡ್ಡು. ಕಂಪನಿ ಕಟ್ಟುವ ಪಿಎಫ್ 21,600. ಗ್ರ್ಯಾಚುಯಿಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಸುಮಾರು 10,100. ಇನ್ಶೂರೆನ್ಸ್ 6,000. ಇವಿಷ್ಟು ಕಳೆದರೆ ತಿಂಗಳಿಗೆ 29,350 ಉಳಿಯುತ್ತದೆ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಹೋಗುತ್ತದೆ. ಮಹಾರಾಷ್ಟ್ರದ ವೃತ್ತಿ ತೆರಿಗೆ 200 ಹೋಗುತ್ತದೆ, ಫೆಬ್ರವರಿಯಲ್ಲಿ 300. ಕೈಗೆ ಬರುವುದು ಸುಮಾರು 27,350.

ಚಿಕ್ಕ ಕಂಪನಿಯಲ್ಲಿ ವೇರಿಯಬಲ್ ಇಲ್ಲ, ಇನ್ಶೂರೆನ್ಸೂ ಇಲ್ಲ. ಪಿಎಫ್ ದೊಡ್ಡ ಕಂಪನಿಯಷ್ಟೇ, ಗ್ರ್ಯಾಚುಯಿಟಿ ಸ್ವಲ್ಪ ಕಡಿಮೆ. ಇದೇ ಲೆಕ್ಕ ಹಾಕಿದರೆ ಕೈಗೆ ಸುಮಾರು 25,450.

ವ್ಯತ್ಯಾಸ ತಿಂಗಳಿಗೆ 1,900 ರೂಪಾಯಿ! ವರ್ಷಕ್ಕೆ 60,000 ಅಂದಾಗ ಎಷ್ಟೋ ದೊಡ್ಡದು ಅನಿಸಿದ್ದು ಇಷ್ಟೇ. ಗ್ರ್ಯಾಚುಯಿಟಿ ಬೇರೆ, ಕಾಯಂ ನೌಕರಿಯಲ್ಲಿ ಐದು ವರ್ಷ ಇದ್ದರೆ ಮಾತ್ರ ಸಿಗುವಂಥದ್ದು. ಮೊದಲ ಕೆಲಸದಲ್ಲಿ ಐದು ವರ್ಷ ಎಷ್ಟು ಜನ ಇರುತ್ತಾರೆ? ಹುಡುಗಿಯರಿಗೆ ಇನ್ನೊಂದು ಮಾತು: 2023ರ ಏಪ್ರಿಲ್‌ನಿಂದ ಮಹಾರಾಷ್ಟ್ರದಲ್ಲಿ ತಿಂಗಳಿಗೆ 25,000ದವರೆಗೆ ಸಂಬಳ ಇರುವ ಮಹಿಳೆಯರಿಗೆ ವೃತ್ತಿ ತೆರಿಗೆ ಇಲ್ಲ. ಆದರೂ ಹಿಡಿದುಕೊಂಡಿದ್ದರೆ ಎಚ್ಆರ್‌ಗೆ ಹೇಳಿ.

ಇನ್ಶೂರೆನ್ಸ್ ಇಲ್ಲ ಅನ್ನುವುದು ಸಣ್ಣ ವಿಷಯ ಅಲ್ಲ, ಅದನ್ನು ಅವನಿಗೂ ಹೇಳಿದೆ. ಅಂಥ ಕಡೆ ಸೇರಿದರೆ ಮೊದಲ ಸಂಬಳದಲ್ಲೇ ಒಂದು ಆರೋಗ್ಯ ವಿಮೆ ಮಾಡಿಸಿಕೊಳ್ಳಿ. ಈ ವಯಸ್ಸಿಗೆ ಕಂತು ಕಡಿಮೆಯೇ ಇರುತ್ತದೆ.

ದೊಡ್ಡ ಕಂಪನಿಯೋ, ಚಿಕ್ಕದೋ

ನನ್ನ ಕತೆ ಹೇಳಿಬಿಡುತ್ತೇನೆ. ನಾನು ಸೇರಿದ್ದು ಹಿಂಜವಡಿಯ ಒಂದು ದೊಡ್ಡ ಕಂಪನಿಗೆ. ಮೊದಲ ನಾಲ್ಕು ತಿಂಗಳ ತರಬೇತಿ ನಿಜವಾಗಿ ಚೆನ್ನಾಗಿತ್ತು. ಇಂದಿಗೂ ಅದರ ಉಪಕಾರ ಮರೆತಿಲ್ಲ. ಆಮೇಲೆ ಎರಡು ತಿಂಗಳು ಬೆಂಚ್, ಅಂದರೆ ಪ್ರಾಜೆಕ್ಟ್ ಇಲ್ಲದೆ ಕಾಯುವುದು. ಆಮೇಲೆ ಒಂದು ಸಪೋರ್ಟ್ ಪ್ರಾಜೆಕ್ಟಿಗೆ ಹಾಕಿದರು. ರಾತ್ರಿ ಪಾಳಿ. ಟಿಕೆಟ್ ಬರುತ್ತದೆ, ಸರ್ವರ್ ನಿಂತಿದೆ ಅಂತ. ಅದನ್ನು ಮತ್ತೆ ಶುರು ಮಾಡಬೇಕು, ಎಕ್ಸೆಲ್ಲಿನಲ್ಲಿ ಹೊತ್ತು ಬರೆಯಬೇಕು. ಮುಗಿಯಿತು.

ಮ್ಯಾನೇಜರ್ ಒಳ್ಳೆಯ ಮನುಷ್ಯ. ಪ್ರಾಜೆಕ್ಟ್ ಬದಲಿಸಿ ಕೊಡಿ ಅಂತ ಕೇಳಿದಾಗಲೆಲ್ಲ "ಮುಂದಿನ ಸೈಕಲ್‌ಗೆ ನೋಡೋಣ" ಅನ್ನುತ್ತಿದ್ದರು. ಮೂರು ಸಲ ಹಾಗೆಂದರು. ನಾನು ಮೂರು ಸಲವೂ ನಂಬಿದೆ. ಅವರಿಗೆ ಬೇಜಾರಾಗಬಾರದು, ಟೀಮಿಗೆ ತೊಂದರೆ ಆಗಬಾರದು ಅಂತ ಸುಮ್ಮನಿದ್ದೆ. ಎರಡು ವರ್ಷ ಎಂಟು ತಿಂಗಳು ಹೋಯಿತು. ಹೊರಗೆ ಇಂಟರ್‌ವ್ಯೂಗೆ ಹೋದಾಗ ಒಬ್ಬರು ಕೇಳಿದರು: "ನೀವೇ ಬರೆದದ್ದು ಏನಾದರೂ ಇದ್ದರೆ ತೋರಿಸಿ." ತೋರಿಸಲು ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ. ಆ ಮಧ್ಯಾಹ್ನ ಬಸ್ಸಿನಲ್ಲಿ ವಾಪಸ್ ಬರುವಾಗ ಆದ ಸಂಕಟ ಯಾರಿಗೂ ಬೇಡ.

ಆಮೇಲೆ ಕರ್ವೆ ರಸ್ತೆಯ ಒಂದು ಚಿಕ್ಕ ಕಂಪನಿಗೆ ಸೇರಿದೆ. ತಿಂಗಳಿಗೆ 6,000 ಕಡಿಮೆ. ಅಲ್ಲೊಬ್ಬ ಹಿರಿಯ ತಾಈ ಇದ್ದರು. ಇಲ್ಲಿ ಮರಾಠಿಯಲ್ಲಿ ಅಕ್ಕನಿಗೆ ತಾಈ ಅನ್ನುತ್ತಾರೆ. ನಾನು ಬರೆದ ಮೊದಲ ಕೋಡಿಗೆ ಅವರು 43 ತಿದ್ದುಪಡಿ ಹಾಕಿ ವಾಪಸ್ ಕಳಿಸಿದರು. ಅಳು ಬಂತು. ಆದರೆ ಪ್ರತಿಯೊಂದರ ಕೆಳಗೂ ಯಾಕೆ ಅಂತ ಬರೆದಿದ್ದರು. ಮರುದಿನ ಮಧ್ಯಾಹ್ನದ ಊಟ ಬಿಟ್ಟು ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಆರು ತಿಂಗಳಾದ ಮೇಲೆ ತಿದ್ದುಪಡಿ ನಾಲ್ಕೈದಕ್ಕೆ ಇಳಿಯಿತು. ಇವತ್ತು ನನ್ನ ಕೈಯಲ್ಲಿರುವ ಕೆಲಸದ ಬುಡ ಆ ಆರು ತಿಂಗಳು.

ಹಾಗಂತ ಚಿಕ್ಕ ಕಂಪನಿ ಅಂದರೆ ಕಲಿಕೆ ಅಂತ ಕಣ್ಣು ಮುಚ್ಚಿ ನಂಬಬೇಡಿ. 25 ಜನರಲ್ಲಿ 20 ಜನ ನಿಮ್ಮಂತೆ ಈಗಷ್ಟೇ ಕಾಲೇಜು ಮುಗಿಸಿದವರಾದರೆ ತಿದ್ದುವವರು ಯಾರು? ಮಾಲೀಕನಿಗೆ ಗೊತ್ತಿರುತ್ತದೆ, ಆದರೆ ಆತ ಗಿರಾಕಿಗಳ ಹಿಂದೆ ಓಡುತ್ತಿರುತ್ತಾನೆ. ಅಂಥ ಕಡೆ ನೀವು ಎಲ್ಲ ಕೆಲಸ ಮಾಡುತ್ತೀರಿ, ಎಲ್ಲವನ್ನೂ ಅರೆಬರೆ ಮಾಡುತ್ತೀರಿ. ಆರೇಳು ವರ್ಷ ಅನುಭವ ಇರುವವರು ಕನಿಷ್ಠ ಇಬ್ಬರಾದರೂ ಇದ್ದಾರಾ ಕೇಳಿ. ಸಂಬಳ ತಿಂಗಳ ಎಷ್ಟನೇ ತಾರೀಖಿಗೆ ಬರುತ್ತದೆ ಅಂತ ಒಳಗಿನ ಯಾರನ್ನಾದರೂ ಕೇಳಿ. ಸೇರಿದ ಎರಡನೇ ತಿಂಗಳೇ ಪಿಎಫ್ ಪಾಸ್‌ಬುಕ್ ತೆರೆದು ದುಡ್ಡು ಬಿದ್ದಿದೆಯಾ ನೋಡಿ.

ದೊಡ್ಡ ಕಂಪನಿಯೇ ಸರಿ ಅನ್ನುವ ಸಂದರ್ಭಗಳೂ ಇವೆ. ಸಿವಿಲ್, ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬರುವವರಿಗೆ ಆ ನಾಲ್ಕು ತಿಂಗಳ ತರಬೇತಿ ಬಂಗಾರ. ಚಿಕ್ಕ ಕಂಪನಿ ಅಷ್ಟು ದಿನ ಕೂರಿಸಿ ಕಲಿಸುವುದಿಲ್ಲ. ಸೇರುವ ಮೊದಲೇ ಯಾವ ಪ್ರಾಜೆಕ್ಟ್ ಅಂತ ಹೇಳಿದ್ದರೆ, ಅದು ಹೊಸದನ್ನು ಕಟ್ಟುವ ಕೆಲಸವಾಗಿದ್ದರೆ, ಧೈರ್ಯವಾಗಿ ಹೋಗಿ. ಹೇಳದಿದ್ದರೆ ಎಚ್ಆರ್‌ಗೆ ಇದನ್ನು ಕೇಳಿ: "ಎರಡು ವರ್ಷದ ಹಿಂದೆ ಇದೇ ಹುದ್ದೆಗೆ ಸೇರಿದವರು ಈಗ ಏನು ಮಾಡುತ್ತಿದ್ದಾರೆ?" ಇದಕ್ಕೆ ಸಿಗುವ ಉತ್ತರ ಆಫರ್ ಲೆಟರಿಗಿಂತ ಜಾಸ್ತಿ ಹೇಳುತ್ತದೆ.

"ನಾನು, ನನ್ನದು" ಅಂದರೆ ಸ್ವಾರ್ಥ ಅಲ್ವಾ?

ನಮ್ಮ ಕಡೆಯ ಹುಡುಗಿಯರು ಇದನ್ನು ಬಹಳ ಕೇಳುತ್ತಾರೆ. ನನ್ನ ಬೆಳವಣಿಗೆ ನೋಡಿಕೊಳ್ಳಬೇಕು ಅಂತ ಬಾಯಿಬಿಟ್ಟು ಹೇಳಲು ನಾಚಿಕೆ. ಅವರಿಗೆ ನಾನು ನಮ್ಮ ಮಾವನವರ ಕತೆ ಹೇಳುತ್ತೇನೆ.

ಮಾವ ಕುಂದಾಪುರದ ಕಡೆಯವರು. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ಮುಂಬೈಗೆ ಕಳಿಸಿದ್ದರು. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಆಗ ಮುಂಬೈಯಲ್ಲಿ ಕನ್ನಡದ ರಾತ್ರಿಶಾಲೆಗಳಿದ್ದವು. ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಹಗಲು ಹೋಟೆಲು, ಕ್ಯಾಂಟೀನಿನಲ್ಲಿ ದುಡಿದು ರಾತ್ರಿ ಅಲ್ಲಿ ಓದುತ್ತಿದ್ದರು. ಮಾವನಿಗೂ ಓದುವ ಆಸೆ. ಆದರೆ ಆ ಹೋಟೆಲಿನಲ್ಲಿ ರಾತ್ರಿ ಹತ್ತರವರೆಗೆ ಬಿಡುತ್ತಿರಲಿಲ್ಲ. ಫೋರ್ಟಿನಲ್ಲಿ ಇನ್ನೊಂದು ಹೋಟೆಲ್ ಇತ್ತು. ಆಫೀಸಿನವರು ಹೋದ ಮೇಲೆ ಸಂಜೆ ಆರಕ್ಕೆ ಬಾಗಿಲು ಹಾಕುತ್ತಿದ್ದರು. ಸಂಬಳ ಐದು ರೂಪಾಯಿ ಕಡಿಮೆ. ಆ ಕಾಲಕ್ಕೆ ಐದು ರೂಪಾಯಿ ಊರಲ್ಲಿ ತಾಯಿಗೆ ಬಹಳ ದೊಡ್ಡದು. ಮಾವ ತಾಯಿಗೆ ಕಾಗದ ಬರೆದು, ನಾಲ್ಕು ವರ್ಷ ಕಡಿಮೆ ಕಳಿಸುತ್ತೇನೆ, ಆಮೇಲೆ ಜಾಸ್ತಿ ಕಳಿಸುತ್ತೇನೆ ಅಂತ ತಿಳಿಸಿ, ಹೋಟೆಲ್ ಬದಲಿಸಿದರು. ಮೆಟ್ರಿಕ್ ಪಾಸಾದರು. ಬ್ಯಾಂಕಿನಲ್ಲಿ ಗುಮಾಸ್ತರಾದರು. ಮೂವರು ತಂಗಿಯರ ಮದುವೆ ಮಾಡಿದ್ದು ಆ ಸಂಬಳದಲ್ಲಿ.

ಅವರು ಎರಡು ಹೋಟೆಲುಗಳನ್ನು ಹೋಲಿಸಿದ್ದು ಬಾಗಿಲು ಹಾಕುವ ಹೊತ್ತು ನೋಡಿ. ನನ್ನ ಚಿಕ್ಕಪ್ಪನ ಮಗನಿಗೂ ನಾನು ಇದನ್ನೇ ಹೇಳಿದೆ. ಅವನು ವಾಕಡ್‌ನಲ್ಲಿ ಕಾಟ್ ಬೇಸಿಸ್ ಮೇಲೆ, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚಕ್ಕೆ ಬಾಡಿಗೆ ಕೊಟ್ಟು, ಇದ್ದಾನೆ. ಫೇಸ್ ತ್ರೀ ದೂರ ಏನಿಲ್ಲ, ಆದರೆ ಭೂಮ್ಕರ್ ಚೌಕದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಹೋಗಿ ಬರಲು ಎರಡು ಗಂಟೆ. ತಿಂಗಳಿಗೆ 22 ದಿನ ಅಂದರೆ 44 ಗಂಟೆ. ಒಂದು ವಾರದ ದುಡಿಮೆಯಷ್ಟು ಹೊತ್ತು ರಸ್ತೆಯಲ್ಲಿ. ಆ ಹೊತ್ತನ್ನೂ ಸಂಬಳದ ಲೆಕ್ಕದೊಳಗೆ ಹಾಕಿ.

ಚಾಕಣ್, ಭೋಸರಿ ಕಡೆ ಬರುವವರಿಗೆ

ಡಿಪ್ಲೊಮಾ, ಐಟಿಐ ಮಾಡಿ ಬರುವ ನಮ್ಮ ಹುಡುಗರ ಬಗ್ಗೆ ಯಾರೂ ಬರೆಯುವುದಿಲ್ಲ. ನನ್ನ ತಮ್ಮ ಅವರಲ್ಲೊಬ್ಬ. ಅವನಿಂದ ಕಲಿತದ್ದನ್ನು ಹೇಳುತ್ತೇನೆ.

ಪುಣೆ ಹತ್ತಿರದ ಚಾಕಣ್‌ನಲ್ಲಿ ಬಜಾಜ್, ಮಹೀಂದ್ರಾ, ಫೋಕ್ಸ್‌ವ್ಯಾಗನ್‌ನಂಥ ದೊಡ್ಡ ಕಾರ್ಖಾನೆಗಳಿವೆ. ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇಂಥ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪುಗಳು ಸಾಲು ಸಾಲಾಗಿವೆ. ದೊಡ್ಡ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆದರೆ ಬಸ್ಸು, ಕ್ಯಾಂಟೀನು, ಸಮವಸ್ತ್ರ ಎಲ್ಲ ಇದೆ. ಆದರೆ ಅಪ್ರೆಂಟಿಸ್ ಅಂದರೆ ನೌಕರ ಅಲ್ಲ. 1961ರ ಕಾಯ್ದೆಯ ಪ್ರಕಾರ ಅದು ತರಬೇತಿ. ಒಪ್ಪಂದದಲ್ಲಿ ಬರೆಯದಿದ್ದರೆ, ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಇಲ್ಲ. ತಮ್ಮನ ಜೊತೆಯವನೊಬ್ಬ ವರ್ಷವಿಡೀ ಒಂದೇ ಸ್ಟೇಷನ್ನಿನಲ್ಲಿ ನಾಲ್ಕು ಬೋಲ್ಟ್ ಬಿಗಿ ಮಾಡಿದ. ಮುಗಿದ ಮೇಲೆ ಪ್ರಮಾಣಪತ್ರ ಸಿಕ್ಕಿತು, ಕೈಗೆ ಕಸುಬು ಹತ್ತಲಿಲ್ಲ.

ತಮ್ಮ ಭೋಸರಿಯ 18 ಜನರ ವರ್ಕ್‌ಶಾಪಿಗೆ ಹೋದ. ಮೊದಲ ಮೂರು ತಿಂಗಳು ಬರೀ ಲೋಹದ ಚೂರು ಗುಡಿಸಿ, ಮಷೀನಿಗೆ ಬಿಡಿಭಾಗ ಏರಿಸಿ ಇಳಿಸಿದ. ಆಮೇಲೆ ಸಿಎನ್‌ಸಿ, ಅಂದರೆ ಕಂಪ್ಯೂಟರಿನಿಂದ ನಡೆಯುವ ಮಷೀನಿನ ಆಪರೇಟರ್. ಮಾಲೀಕರು ಹಳೆಯ ಕೈ, ಡ್ರಾಯಿಂಗ್ ಓದುವುದನ್ನು ತಾವೇ ಕಲಿಸಿದರು. ಎರಡನೇ ವರ್ಷಕ್ಕೆ ತಮ್ಮ ಸೆಟ್ಟರ್ ಆದ. ಟೂಲ್ ಆಫ್‌ಸೆಟ್ ಹಾಕುವುದು, ಮೈಕ್ರೋಮೀಟರ್ ಹಿಡಿದು ಮೊದಲ ಪೀಸ್ ಪಾಸ್ ಮಾಡುವುದು ಅವನ ಕೆಲಸ. ಮೂರು ವರ್ಷದ ನಂತರ ಚಾಕಣ್‌ನ ದೊಡ್ಡ ಕಾರ್ಖಾನೆಗೇ ಹೋದ, ಆದರೆ ಕ್ವಾಲಿಟಿ ವಿಭಾಗಕ್ಕೆ.

ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಸಣ್ಣ ವರ್ಕ್‌ಶಾಪಿಗೆ ಸೇರುವ ಮೊದಲು ಒಳಗೆ ಹೋಗಿ ಪ್ರೆಸ್ ಮಷೀನ್ ನೋಡಿ. ಗಾರ್ಡ್ ಇಲ್ಲದಿದ್ದರೆ, ಸೆನ್ಸರ್ ಕಿತ್ತು ಹಾಕಿದ್ದರೆ, ಅಲ್ಲಿಂದ ಎದ್ದು ಬನ್ನಿ. ಏನೇ ಕಲಿಸಿದರೂ ಬೇಡ. ಬೆರಳು ಹೋದ ಹುಡುಗರನ್ನು ನಾನು ನೋಡಿದ್ದೇನೆ. ಸಂಬಳ 21,000ದ ಒಳಗಿದ್ದರೆ ಇಎಸ್ಐ, ಅಂದರೆ ನೌಕರರ ಸರ್ಕಾರಿ ವಿಮೆ ಇರಬೇಕು. ಕಾರ್ಡ್ ಯಾವಾಗ ಕೊಡುತ್ತೀರಿ ಅಂತ ಮೊದಲ ದಿನವೇ ಕೇಳಿ.

ಪುಣೆಯೋ ಮುಂಬೈಯೋ

ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವಾಹನ, ಯಂತ್ರ, ಸಾಫ್ಟ್‌ವೇರ್ ಆದರೆ ಪುಣೆ. ಹಣಕಾಸು, ಷೇರುಪೇಟೆ, ಜಾಹೀರಾತು ಆದರೆ ಮುಂಬೈ. ರಿಸರ್ವ್ ಬ್ಯಾಂಕ್, ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ, ಎರಡೂ ದೊಡ್ಡ ಷೇರುಪೇಟೆಗಳು ಅಲ್ಲೇ ಇರುವಾಗ ಆ ಕಸುಬಿನ ಹಿರಿಯರೂ ಅಲ್ಲೇ ಇರುತ್ತಾರೆ.

ಮುಂಬೈಯಲ್ಲಿ ನೋಡಬೇಕಾದದ್ದು ಲೋಕಲ್ ಟ್ರೇನಿನ ಲೈನು. ಡೊಂಬಿವಲಿಯಲ್ಲಿ ರೂಮು, ಬಿಕೆಸಿಯಲ್ಲಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಆಫೀಸು ಅಂದರೆ ಓದುವುದಿರಲಿ, ನಿಲ್ಲಲೂ ಜಾಗ ಸಿಗದ ದಿನಗಳಿರುತ್ತವೆ. ಐರೋಲಿ, ಮಹಾಪೆ ಕಡೆ ಕೆಲಸವಾದರೆ ಘಣಸೋಲಿ, ಕೋಪರ್‌ಖೈರಣೆಯಲ್ಲಿ ನಾಲ್ಕು ಜನ ಸೇರಿ ರೂಮು ಮಾಡಿಕೊಳ್ಳಬಹುದು. ಹತ್ತಿರವೂ ಆಗುತ್ತದೆ.

ಸಿಎ ಓದುವವರ ಆರ್ಟಿಕಲ್‌ಶಿಪ್, ಅಂದರೆ ಫರ್ಮಿನಲ್ಲಿ ಮಾಡುವ ಕಡ್ಡಾಯ ತರಬೇತಿ, ಈಗ ಎರಡೇ ವರ್ಷ. ದೊಡ್ಡ ಫರ್ಮಿನಲ್ಲಿ ಒಂದೇ ಬ್ಯಾಂಕಿನ ಒಂದೇ ಬಗೆಯ ಕಾಗದ ನೋಡುತ್ತಾ ಒಂದು ವರ್ಷ ಕಳೆಯಬಹುದು. ಫೋರ್ಟ್ ಅಥವಾ ಘಾಟ್ಕೋಪರ್‌ನ ಮಧ್ಯಮ ಗಾತ್ರದ ಫರ್ಮಿನಲ್ಲಿ ಜಿಎಸ್‌ಟಿ, ಆಡಿಟ್, ಆದಾಯ ತೆರಿಗೆ ಮೂರಕ್ಕೂ ಕೈ ಹಾಕಬಹುದು. ನನ್ನ ಮತ ಎರಡನೆಯದಕ್ಕೆ. ಓದಲು ರಜೆ ಎಷ್ಟು ಕೊಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಮನೆಗೆ ದುಡ್ಡು ಕಳಿಸಬೇಕಾದವರು

ಇಷ್ಟೆಲ್ಲ ಹೇಳಿದ ಮೇಲೆ ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬೆಳವಣಿಗೆ ಮೊದಲು ಅನ್ನುವ ಮಾತು ಹೊಟ್ಟೆ ತುಂಬಿದವರಿಗೆ ಸುಲಭ. ಸಾಲದ ಕಂತು, ಅಪ್ಪನ ಔಷಧಿ, ತಂಗಿಯ ಫೀಸು ಇರುವವರಿಗೆ ಅದನ್ನು ಸುಮ್ನೆ ಹೇಳಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಮೊದಲು ಒಂದು ಮೊತ್ತ ಬರೆಯಿರಿ. ತಿಂಗಳಿಗೆ ಇಷ್ಟು ಬಾರದಿದ್ದರೆ ಆಗುವುದೇ ಇಲ್ಲ ಅನ್ನುವ ಮೊತ್ತ. ನಮ್ಮ ಹುಡುಗ ಬರೆದದ್ದು ಹೀಗೆ: ಕಾಟ್‌ಗೆ 6,500, ಎರಡು ಹೊತ್ತಿನ ಡಬ್ಬಾಕ್ಕೆ 3,200, ಓಡಾಟ ಮತ್ತು ಫೋನಿಗೆ 2,500, ಓದಿನ ಸಾಲದ ಕಂತು 5,000, ಮನೆಗೆ 4,000. ಒಟ್ಟು 21,200. ಚಿಕ್ಕ ಕಂಪನಿಯ ಸಂಬಳದಲ್ಲೂ ಇದು ಕೂತು ಸುಮಾರು 4,000 ಉಳಿಯಿತು. ಅಲ್ಲಿಗೆ ಸಂಬಳದ ಪ್ರಶ್ನೆ ಮುಗಿಯಿತು, ಬೇರೆಯದನ್ನು ಹೋಲಿಸಬಹುದು.

ಅವನು ಮನೆಗೆ 10,000 ಕಳಿಸಬೇಕಾಗಿದ್ದರೆ ಒಟ್ಟು 27,200 ಆಗುತ್ತಿತ್ತು. ಆಗ ದೊಡ್ಡ ಕಂಪನಿಗೇ ಹೋಗು ಅನ್ನುತ್ತಿದ್ದೆ. ಅದಕ್ಕೆ ಯಾರೂ ಮನಸ್ಸು ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ. ಅಲ್ಲಿದ್ದುಕೊಂಡೇ ವಾರಕ್ಕೆ ಆರು ಗಂಟೆ ತನಗಾಗಿ ತೆಗೆದಿಡಬೇಕು, ಒಂದೂವರೆ ವರ್ಷದಲ್ಲಿ ತೋರಿಸಲು ಏನಾದರೂ ಮಾಡಿಟ್ಟುಕೊಳ್ಳಬೇಕು. ನಾನು ಮಾಡದೇ ಹೋದದ್ದು ಅದನ್ನೇ.

ಬಾಂಡ್ ಕಾಗದ

ದೊಡ್ಡ ಕಂಪನಿಯ ಆಫರಿನಲ್ಲಿ ಎರಡು ವರ್ಷದ ಬಾಂಡ್ ಇತ್ತು. ಬಿಟ್ಟರೆ ದುಡ್ಡು ಕಟ್ಟಬೇಕು. ಅದು ಸುಮ್ಮನೆ ಹೆದರಿಸುವ ಕಾಗದ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅಂತ ಹೇಳುವವರು ಬಹಳ ಜನ ಇದ್ದಾರೆ. ಅವರ ಮಾತು ನಂಬಿ ಸಹಿ ಹಾಕಬೇಡಿ. ನಮ್ಮ ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನದೇ ಒಂದು ಪ್ರಕರಣ ಇದೆ. ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ಕಟ್ಟಬೇಕು ಅನ್ನುವ ಷರತ್ತು. ಹೈಕೋರ್ಟಿನಲ್ಲಿ ನೌಕರ ಗೆದ್ದಿದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಅದು ಸರ್ಕಾರಿ ಬ್ಯಾಂಕು, ನೇಮಕಾತಿಗೆ ಖರ್ಚು ಮಾಡುವ ಸಂಸ್ಥೆ ಅನ್ನುವುದೂ ಅಲ್ಲಿ ಲೆಕ್ಕಕ್ಕೆ ಬಂತು. ಎಲ್ಲ ಬಾಂಡಿಗೂ ಅದೇ ಅಳತೆ ಅಂತಲ್ಲ. ಆದರೆ ಸಹಿಗೆ ಬೆಲೆ ಇದೆ ಅನ್ನುವುದಂತೂ ಖರೆ.

ಬಾಂಡ್ ಇದ್ದರೆ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ನಿಜವಾದ ತರಬೇತಿ ಕೊಡುತ್ತಾರೆ, ಮೊತ್ತ ಒಂದೆರಡು ತಿಂಗಳ ಸಂಬಳದಷ್ಟು ಅಂದರೆ ಯೋಚಿಸಬಹುದು. ಅಸಲು ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಮಾತ್ರ ಕೊಡಬೇಡಿ, ಎಷ್ಟೇ ದೊಡ್ಡ ಹೆಸರಾಗಿರಲಿ. ನೋಟಿಸ್ ಅವಧಿ 90 ದಿನ ಇದೆಯಾ, ಅದನ್ನೂ ನೋಡಿ. ಮುಂದಿನ ಕೆಲಸದವರು ಮೂರು ತಿಂಗಳು ಕಾಯದೆ ಬೇರೆಯವರನ್ನು ತೆಗೆದುಕೊಂಡದ್ದು ನನ್ನ ಗೆಳತಿಯರಿಬ್ಬರಿಗೆ ಆಗಿದೆ.

ಇಷ್ಟಾದರೂ ತಿಳಿಯದಿದ್ದರೆ

ಆಫೀಸಿನ ಎದುರಿನ ಚಹಾ ಅಂಗಡಿಗೆ ಹೋಗಿ. ಪುಣೆಯಲ್ಲಿ ಮೂಲೆಗೊಂದು ಅಮೃತತುಲ್ಯ ಇರುತ್ತದೆ. ಸಂಜೆ ಐದರ ಹೊತ್ತಿಗೆ ಆ ಕಂಪನಿಯವರು ಕೊರಳಲ್ಲಿ ಕಾರ್ಡ್ ಹಾಕಿಕೊಂಡು ಇಳಿದು ಬರುತ್ತಾರೆ. ಒಂದು ಕಟಿಂಗ್ (ಅರ್ಧ ಲೋಟ ಚಹಾ) ಹಿಡಿದು ಪಕ್ಕದಲ್ಲಿ ನಿಲ್ಲಿ. ಅವರು ಏನು ಮಾತಾಡುತ್ತಾರೆ ಕೇಳಿ. ಬೇಕಾದರೆ ನೇರವಾಗಿ ಮಾತಾಡಿಸಿ, ಇಲ್ಲಿ ಆಫರ್ ಬಂದಿದೆ ಅಂತ ಹೇಳಿ. ಜನ ಒಳ್ಳೆಯವರು, ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ.

ನಮ್ಮ ಹುಡುಗನನ್ನು ಎರಡೂ ಕಡೆ ಕಳಿಸಿದೆ. ಗುರುವಾರ ಫೇಸ್ ತ್ರೀ, ಶುಕ್ರವಾರ ಬಾಣೇರ್. ಶುಕ್ರವಾರ ರಾತ್ರಿ ಫೋನ್ ಮಾಡಿದ. "ಅಕ್ಕಾ, ನಿನ್ನೆ ಅಲ್ಲಿ ನಾಲ್ಕು ಮಂದಿ ಸಿಕ್ಕಿದ್ರು. ಮೂರು ಮಂದಿ ಇನ್ನೂ ಪ್ರಾಜೆಕ್ಟ್ ಸಿಕ್ಕಿಲ್ಲ ಅಂದ್ರು. ಇವತ್ತು ಇಲ್ಲಿ ಒಬ್ಬ ಹುಡುಗ, ಒಬ್ಬರು ಅಕ್ಕಾರು ಒಂದು ಬಗ್ ಹಿಡಕೊಂಡು ವಾದಾ ಮಾಡ್ತಿದ್ರು. ಅಕ್ಕಾರು ಚಹಾದ ಬಿಲ್ಲಿನ ಹಿಂದ ಚಿತ್ರ ಬರದು ಅವನಿಗೆ ತಿಳಿಸಿಕೊಟ್ರು. ಅದು ನನಗೂ ತಿಳೀತು."

ಸೋಮವಾರ ಬೆಳಿಗ್ಗೆ ಅವನು ಬಾಣೇರ್‌ನ ಕಂಪನಿಗೆ ಒಪ್ಪಿಗೆ ಕಳಿಸಿದ. ಚಿಕ್ಕಪ್ಪನಿಗೆ ಆ ಸಂಬಳದ ಲೆಕ್ಕ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಈ ಭಾನುವಾರ ಫೋನ್ ಮಾಡಬೇಕು.